ಓದುಗರ ಪ್ರಶ್ನೆ, ಭೂವಿಜ್ಞಾನದ ಉತ್ತರ: ಕೈಬಿಟ್ಟ ಚಿನ್ನ–ಬೆಳ್ಳಿ ಗಣಿಗಳು

ಪಾಳುಬಿದ್ದ ಚಿನ್ನ–ಬೆಳ್ಳಿ ಗಣಿಗಳ ಬಗ್ಗೆ ಬಂದ ಪ್ರಶ್ನೆಗಳಲ್ಲಿ ಕಲ್ಲು, ನೀರು ಮತ್ತು ಅದಿರಿಗೆ ಸಂಬಂಧಿಸಿದವನ್ನು ಮಾತ್ರ ಈ ಬಾರಿ ಆರಿಸಿಕೊಂಡಿದ್ದೇನೆ. ನಿಧಿ ಹುಡುಕುವ ಯಂತ್ರಗಳ ಕುರಿತ ಪತ್ರಗಳನ್ನು ಬದಿಗಿಟ್ಟಿದ್ದೇನೆ.

ಪ್ರಶ್ನೆ: ಚಿನ್ನ ಮತ್ತು ಬೆಳ್ಳಿ ಎರಡೂ ಒಂದೇ ಗಣಿಯಲ್ಲಿ ದೊರೆತ ಉದಾಹರಣೆಗಳನ್ನು ಓದಿದ್ದೇನೆ. ಎರಡು ಬೇರೆ ಲೋಹಗಳು ಒಂದೇ ಕಲ್ಲಿನ ಬಿರುಕಿಗೆ ಬಂದು ಸೇರುವುದು ಹೇಗೆ?

ಉತ್ತರ: ಎರಡನ್ನೂ ಅಲ್ಲಿಗೆ ಹೊತ್ತು ತಂದದ್ದು ಬಿಸಿನೀರು. ಭೂಮಿಯ ಹೊರಪದರದ ಸಾಮಾನ್ಯ ಕಲ್ಲಿನಲ್ಲಿ ಟನ್ನಿಗೆ ಕೆಲವೇ ಮಿಲಿಗ್ರಾಂ ಚಿನ್ನವೂ ಅದರ ಸುಮಾರು ಇಪ್ಪತ್ತು ಪಟ್ಟು ಬೆಳ್ಳಿಯೂ ಇರುತ್ತವೆ. ನೆಲದಡಿಯ ಗಣಿ ನಡೆಯಬೇಕಾದರೆ ಟನ್ನಿಗೆ ಕೆಲವು ಗ್ರಾಂ ಚಿನ್ನವಾದರೂ ಬೇಕು. ಎಂದರೆ, ಎಲ್ಲೆಡೆ ಚದುರಿಹೋಗಿರುವ ಲೋಹವನ್ನು ನಿಸರ್ಗವು ಸಾವಿರ ಪಟ್ಟಿಗೂ ಮಿಗಿಲಾಗಿ ಒಂದೆಡೆ ಕೂಡಿಹಾಕಿರಬೇಕು.

ಜ್ವಾಲಾಮುಖಿಗಳಿರುವ ಪ್ರದೇಶದಲ್ಲಿ ಕೆಲವು ಕಿಲೋಮೀಟರ್ ಆಳದಲ್ಲಿ ಕರಗಿದ ಶಿಲೆಯ ರಾಶಿ ನಿಂತಿರುತ್ತದೆ. ಮಳೆಯ ನೀರು ಬಿರುಕುಗಳಲ್ಲಿ ಕೆಳಗಿಳಿದು ಅದರ ಶಾಖದಿಂದ ಕಾಯುತ್ತದೆ. ಶಿಲಾರಸದಿಂದ ಹೊರಬರುವ ಇಂಗಾಲದ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಮುಂತಾದ ಅನಿಲಗಳೂ ಸ್ವಲ್ಪ ಉಪ್ಪೂ ಅದರಲ್ಲಿ ಬೆರೆಯುತ್ತವೆ. ಇಂಥ ನೀರಿನಲ್ಲಿ ಚಿನ್ನವು ಗಂಧಕದ ಸಂಯುಕ್ತವಾಗಿಯೂ, ಬೆಳ್ಳಿಯು ಬಹುಮಟ್ಟಿಗೆ ಕ್ಲೋರೈಡಿನ ಜೊತೆಗೂಡಿಯೂ ಕರಗಿಕೊಂಡಿರುತ್ತವೆ. ಆಳದಲ್ಲಿ ಮೇಲಿನ ನೀರಿನ ಒತ್ತಡವಿರುವುದರಿಂದ ಉಷ್ಣತೆ 250 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೂ ನೀರು ಕುದಿಯುವುದಿಲ್ಲ. ಆದರೆ ಅದು ಸ್ತರಭಂಗದ ಬಿರುಕನ್ನು ಹಿಡಿದು ಮೇಲೇರುತ್ತಾ ನೆಲದಿಂದ ಸುಮಾರು 450 ಮೀಟರ್ ಆಳಕ್ಕೆ ಬರುವಷ್ಟರಲ್ಲಿ ಒತ್ತಡವು ಕುದಿಯುವ ಹಂತಕ್ಕೆ ಇಳಿದಿರುತ್ತದೆ. ಸೋಡಾ ಬಾಟಲಿಯ ಮುಚ್ಚಳ ತೆಗೆದಾಗ ಆಗುವಂತೆ ಅನಿಲಗಳು ಒಮ್ಮೆಲೇ ನೀರನ್ನು ಬಿಟ್ಟು ಹಾರಿಹೋಗುತ್ತವೆ. ತನ್ನನ್ನು ಹಿಡಿದಿಟ್ಟುಕೊಂಡಿದ್ದ ಗಂಧಕವು ಹೊರಟುಹೋದ ಮೇಲೆ ಚಿನ್ನ ಕರಗಿರಲಾರದು. ಅದು ಬಿರುಕಿನ ಗೋಡೆಗೆ ಅಂಟುತ್ತದೆ. ನೀರು ತಣಿಯುವುದರಿಂದಲೂ ಅದರ ಆಮ್ಲೀಯತೆ ತಗ್ಗುವುದರಿಂದಲೂ ಬೆಳ್ಳಿಯೂ ಅದೇ ಸುಮಾರಿಗೆ ಕೆಳಗಿಳಿಯುತ್ತದೆ. ಜೊತೆಗೆ ನೀರಿನಲ್ಲಿದ್ದ ಸಿಲಿಕಾ ಬೆಣಚುಕಲ್ಲಾಗಿ ಗಟ್ಟಿಯಾಗಿ ಬಿರುಕನ್ನು ಮುಚ್ಚುತ್ತದೆ. ಮುಂದೊಮ್ಮೆ ಭೂಕಂಪವಾಗಿ ಬಿರುಕು ಮತ್ತೆ ಬಾಯಿಬಿಟ್ಟರೆ ಒತ್ತಡ ಮತ್ತೆ ಕುಸಿದು, ನೀರು ಮತ್ತೆ ಕುದಿದು, ಹೊಸ ಪದರವೊಂದು ಕೂಡುತ್ತದೆ.

ನೆಲದ ಮೇಲ್ಭಾಗದ ಸುಮಾರು ಒಂದೂವರೆ ಕಿಲೋಮೀಟರಿನೊಳಗೆ, 150ರಿಂದ 300 ಡಿಗ್ರಿಗಳ ನಡುವೆ ರೂಪುಗೊಳ್ಳುವ ಇಂಥ ನಿಕ್ಷೇಪಗಳನ್ನು ಭೂವಿಜ್ಞಾನಿಗಳು ಎಪಿಥರ್ಮಲ್ ನಿಕ್ಷೇಪಗಳೆಂದು ಕರೆಯುತ್ತಾರೆ. ಈ ವಿಂಗಡಣೆಯನ್ನು ಬಳಕೆಗೆ ತಂದವರು ಸ್ವೀಡನ್ ಮೂಲದ ಅಮೆರಿಕನ್ ಭೂವಿಜ್ಞಾನಿ ವಾಲ್ಡೆಮರ್ ಲಿಂಡ್‌ಗ್ರೆನ್. ಜಗತ್ತಿನಲ್ಲಿ ಚಿನ್ನ–ಬೆಳ್ಳಿ ಗಣಿಯೆಂದು ಹೆಸರಾಗಿ ಈಗ ಬರಿದಾಗಿ ನಿಂತಿರುವ ತಾಣಗಳಲ್ಲಿ ಹಲವು, ನಿಜದಲ್ಲಿ ತಣಿದುಹೋದ ಬಿಸಿನೀರ ಬುಗ್ಗೆಗಳ ಕೊಳವೆಗಳು.

ಪ್ರಶ್ನೆ: ಗಣಿಯನ್ನು ಕೈಬಿಟ್ಟರು ಎಂದರೆ ಅಲ್ಲಿನ ಚಿನ್ನ ಮುಗಿಯಿತು ಎಂದು ಅರ್ಥವೇ?

ಉತ್ತರ: ಬಹಳಷ್ಟು ಬಾರಿ ಅಲ್ಲ. ಆದರೆ ‘ಇನ್ನೂ ಬೇಕಾದಷ್ಟು ಇದೆ, ಯಾರೋ ಮುಚ್ಚಿಟ್ಟಿದ್ದಾರೆ’ ಎಂಬ ಊಹೆಯೂ ಅಷ್ಟೇ ತಪ್ಪು.

ಮೇಲೆ ಹೇಳಿದ ಕುದಿತ ನಡೆಯುವುದು ಬಿರುಕಿನ ಉದ್ದಕ್ಕೂ ಅಲ್ಲ, ಅದರ ಒಂದು ಪಟ್ಟಿಯಲ್ಲಿ ಮಾತ್ರ. ಈ ಪಟ್ಟಿಯ ಎತ್ತರ ಸಾಮಾನ್ಯವಾಗಿ ಕೆಲವು ನೂರು ಮೀಟರ್. ಅದರ ಮೇಲ್ಗಡೆ ಪಾದರಸ, ಆಂಟಿಮನಿ, ಆರ್ಸೆನಿಕ್ ಹೆಚ್ಚಿದ್ದು ಚಿನ್ನ ವಿರಳ. ಕೆಳಗೆ ಇಳಿದಂತೆ ಸೀಸ, ಸತು, ತಾಮ್ರಗಳ ಸಲ್ಫೈಡುಗಳು ಹೆಚ್ಚುತ್ತಾ ಚಿನ್ನ ಕಡಿಮೆಯಾಗುತ್ತಾ ಹೋಗುತ್ತದೆ. ಬೆಣಚುಕಲ್ಲಿನ ಎಳೆ ಮುಂದುವರಿದಿರುತ್ತದೆ, ಆದರೆ ಅದರಲ್ಲಿ ಲೋಹವಿರುವುದಿಲ್ಲ. ಎಳೆ ಮುಂದುವರಿದಿದೆ ಎಂಬ ಒಂದೇ ಭರವಸೆಯಿಂದ ಇನ್ನಷ್ಟು ಆಳಕ್ಕೆ ಹಣ ಸುರಿದು ಮುಳುಗಿದ ಕಂಪನಿಗಳಿಗೆ ಗಣಿಗಾರಿಕೆಯ ಇತಿಹಾಸದಲ್ಲಿ ಕೊರತೆಯಿಲ್ಲ. ಆ ಪಟ್ಟಿಯೊಳಗೂ ಲೋಹ ಸಮನಾಗಿ ಹರಡಿರುವುದಿಲ್ಲ. ಬಿರುಕು ತಿರುವು ತೆಗೆದುಕೊಂಡಲ್ಲಿ, ಎರಡು ಬಿರುಕುಗಳು ಕೂಡಿದಲ್ಲಿ, ಬಾಯಿ ಅಗಲವಾಗಿ ನೀರು ಧಾರಾಳವಾಗಿ ಹರಿದಲ್ಲಿ ಅದಿರಿನ ಗೊಂಚಲುಗಳು ಕಟ್ಟುತ್ತವೆ. ಅವುಗಳ ನಡುವೆ ಬರಿಯ ಕಲ್ಲಿನ ಉದ್ದುದ್ದ ಅಂತರಗಳಿರುತ್ತವೆ.

ಅಮೆರಿಕದ ನೆವಾಡದಲ್ಲಿರುವ ಕಾಮ್‌ಸ್ಟಾಕ್ ಅದಿರುಪಟ್ಟಿ ಇದಕ್ಕೆಲ್ಲ ಒಳ್ಳೆಯ ಉದಾಹರಣೆ. 1859ರಲ್ಲಿ ಅಲ್ಲಿ ಚಿನ್ನವನ್ನು ಜಾಲಿಸುತ್ತಿದ್ದವರಿಗೆ ನೀಲಿ–ಕಪ್ಪು ಬಣ್ಣದ ಭಾರದ ಕೆಸರೊಂದು ದೊಡ್ಡ ಕಾಟವಾಗಿತ್ತು. ಚಿನ್ನದ ಕಣಗಳನ್ನು ಬೇರ್ಪಡಿಸಲು ಅದು ಬಿಡುತ್ತಿರಲಿಲ್ಲ, ಅದನ್ನು ಬಳಿದು ಎಸೆಯುತ್ತಿದ್ದರು. ಪರೀಕ್ಷೆಗೆ ಕಳುಹಿಸಿದಾಗ ಅದು ಬೆಳ್ಳಿಯ ಸಲ್ಫೈಡ್ ಎಂದು ತಿಳಿಯಿತು. ಮುಂದೆ ಒಂದು ಗೊಂಚಲು ಮುಗಿದು ಇನ್ನೊಂದು ಸಿಗುವವರೆಗೆ ಊರು ಏಳುತ್ತಾ ಬೀಳುತ್ತಾ ಸಾಗಿತು. 1873ರಲ್ಲಿ ಕನ್ಸಾಲಿಡೇಟೆಡ್ ವರ್ಜೀನಿಯಾ ಗಣಿಯಲ್ಲಿ ಕೈಗೆ ಬಂದ ಅತಿ ದೊಡ್ಡ ಗೊಂಚಲಿನ ಮೇಲ್ಭಾಗದಲ್ಲಿ ನೂರಾರು ಮೀಟರ್ ಬರಿಯ ಕಲ್ಲಿತ್ತು. ಆಳಕ್ಕೆ ಇಳಿದಂತೆ ಕುದಿಯುವಷ್ಟು ಬಿಸಿಯಾದ ನೀರು ನುಗ್ಗತೊಡಗಿತು. ನೀರನ್ನು ಹೊರಹಾಕಲೆಂದೇ ಕೊರೆದ ಸುಟ್ರೋ ಸುರಂಗ 1878ರಲ್ಲಿ ಗಣಿಗಳನ್ನು ತಲುಪುವ ವೇಳೆಗೆ ಶ್ರೀಮಂತ ಅದಿರಿನ ಬಹುಪಾಲು ತೆಗೆದಾಗಿತ್ತು. 1880ರ ದಶಕದಲ್ಲಿ ಆಳದ ಪಂಪುಗಳು ನಿಂತವು, ಕೆಳಗಿನ ಸುರಂಗಗಳು ಮುಳುಗಿದವು.

ಇದರ ಜೊತೆಗೆ ಬೆಲೆಯ ಪ್ರಶ್ನೆಯಿದೆ. ಅದಿರು ಎಂಬುದು ಕಲ್ಲಿನ ಗುಣ ಮಾತ್ರವಲ್ಲ, ಆ ಕಾಲದ ಖರ್ಚು–ವೆಚ್ಚಗಳ ಲೆಕ್ಕವೂ ಹೌದು. ಅಮೆರಿಕ ಸರ್ಕಾರ 1893ರಲ್ಲಿ ಬೆಳ್ಳಿಯನ್ನು ಕೊಳ್ಳುವ ಕಾಯಿದೆಯನ್ನು ರದ್ದುಮಾಡಿದಾಗ ಅಲ್ಲಿನ ಬೆಳ್ಳಿ ಗಣಿಗಳು ಸಾಲುಸಾಲಾಗಿ ಬಾಗಿಲು ಹಾಕಿದವು; ಹಿಂದಿನ ದಿನ ಅದಿರಾಗಿದ್ದ ಕಲ್ಲು ಮರುದಿನ ಬರಿಯ ಕಲ್ಲಾಯಿತು. ಇದಕ್ಕೆ ಪ್ರತಿಯಾಗಿ ನ್ಯೂಜಿಲೆಂಡಿನ ವೈಹಿಯ ಮಾರ್ಥಾ ಗಣಿ 1952ರಲ್ಲಿ ಮುಚ್ಚಿ, 1980ರ ದಶಕದ ಕೊನೆಯಲ್ಲಿ ಬೃಹತ್ ತೆರೆದ ಗಣಿಯಾಗಿ ಮತ್ತೆ ತೆರೆಯಿತು. ಹಳಬರು ಬಿಟ್ಟುಹೋಗಿದ್ದ ಸಣ್ಣ ಎಳೆಗಳೂ ಕಂಬಗಳಾಗಿ ಉಳಿಸಿದ್ದ ಕಲ್ಲೂ ಹೊಸ ಬೆಲೆಯಲ್ಲಿ, ಹೊಸ ಯಂತ್ರಗಳ ಮುಂದೆ, ಅದಿರಾಗಿಬಿಟ್ಟವು.

ಪ್ರಶ್ನೆ: ನಮ್ಮ ಕೋಲಾರದ ಚಿನ್ನದ ಗಣಿಯೂ ಇದೇ ಬಗೆಯದೇ? ಅಲ್ಲಿ ಬೆಳ್ಳಿಯ ಮಾತೇ ಕೇಳಿಬರುವುದಿಲ್ಲವಲ್ಲ?

ಉತ್ತರ: ಅಲ್ಲ, ಬೆಳ್ಳಿಯ ಮಾತು ಕೇಳಿಬರದಿರಲು ಕಾರಣವೂ ಅದೇ. ಕೋಲಾರದ ಅದಿರು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯ ಶಿಲಾಪಟ್ಟಿಯಲ್ಲಿದೆ. ಸಾಗರತಳದ ಬಸಾಲ್ಟ್ ಲಾವಾ ಹೂತು, ಒತ್ತಡ ಮತ್ತು ಶಾಖಕ್ಕೆ ಸಿಕ್ಕಿ ಆಂಫಿಬೊಲೈಟ್ ಎಂಬ ಕಪ್ಪು ಕಲ್ಲಾಗಿ ಮಾರ್ಪಟ್ಟ ಪಟ್ಟಿಯಿದು. ಭೂಫಲಕಗಳು ಒತ್ತಿಕೊಂಡು ಪರ್ವತಗಳು ಎದ್ದ ಕಾಲದಲ್ಲಿ, ಹಲವು ಕಿಲೋಮೀಟರ್ ಆಳದಲ್ಲಿ, ಕಲ್ಲುಗಳೇ ಕಾದು ತಮ್ಮೊಳಗಿನ ನೀರನ್ನೂ ಇಂಗಾಲದ ಡೈಆಕ್ಸೈಡನ್ನೂ ಬಿಟ್ಟುಕೊಟ್ಟವು. ಆ ದ್ರವದಲ್ಲಿ ಉಪ್ಪು ತೀರ ಕಡಿಮೆಯಿರುತ್ತದೆ. ಬೆಳ್ಳಿಯನ್ನು ಹೊತ್ತು ತರುವುದು ಮುಖ್ಯವಾಗಿ ಕ್ಲೋರೈಡ್ ಆದ್ದರಿಂದ, ಉಪ್ಪಿಲ್ಲದ ದ್ರವವು ಚಿನ್ನವನ್ನು ಕರಗಿಸಿ ತಂದು ಬೆಳ್ಳಿಯನ್ನು ಹಿಂದೆ ಬಿಟ್ಟುಬರುತ್ತದೆ. ಹೀಗಾಗಿ ಇಂಥ ಗಣಿಗಳ ಚಿನ್ನದಲ್ಲಿ ಬೆಳ್ಳಿಯ ಪಾಲು ಅಲ್ಪ. ಹೋಲಿಕೆಗೆ ನೋಡಿದರೆ, ಮಾರ್ಥಾ ಗಣಿಯ ಹಳೆಯ ಕಾಲದ ಉತ್ಪಾದನೆಯಲ್ಲಿ ತೂಕದ ಲೆಕ್ಕದಲ್ಲಿ ಚಿನ್ನಕ್ಕಿಂತ ಆರೇಳು ಪಟ್ಟು ಬೆಳ್ಳಿಯಿತ್ತು.

ಇನ್ನೊಂದು ವ್ಯತ್ಯಾಸ ಆಳದ್ದು. ಎಪಿಥರ್ಮಲ್ ಅದಿರು ಕೆಲವು ನೂರು ಮೀಟರಿಗೆ ತೀರಿಹೋದರೆ, ಕೋಲಾರದ ಚಾಂಪಿಯನ್ ರೀಫ್ ಎಂಬ ಅದಿರಿನ ಎಳೆಯನ್ನು ಹಿಂಬಾಲಿಸಿ ಗಣಿಗಾರರು ಸುಮಾರು 3.2 ಕಿಲೋಮೀಟರ್ ಇಳಿದರು. ಅಲ್ಲಿ ಅದಿರನ್ನು ನಿರ್ಧರಿಸಿದ್ದು ಕುದಿತದ ಮಟ್ಟವಲ್ಲ, ಕಲ್ಲಿನ ಬಾಗು–ಮಡಿಕೆಗಳು. ಆಳ ಹೆಚ್ಚಿದಂತೆ ಕಲ್ಲಿನ ಒತ್ತಡದಿಂದ ಬಂಡೆಗಳು ಸಿಡಿಯುತ್ತಿದ್ದವು, ತಂಪುಗಾಳಿಯ ವ್ಯವಸ್ಥೆಯ ಖರ್ಚು ಏರಿತು, ಟನ್ನಿಗೆ ಸಿಗುವ ಚಿನ್ನ ಇಳಿಯುತ್ತಾ ಬಂತು; 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಷ್ಟರಲ್ಲಿ ಸುಮಾರು 800 ಟನ್ ಚಿನ್ನ ಹೊರಬಂದಿತ್ತು.

ಪ್ರಶ್ನೆ: ಕೈಬಿಟ್ಟ ಗಣಿಯಲ್ಲಿ ಚಿನ್ನ ಮತ್ತೆ ಬೆಳೆಯುತ್ತದೆ ಎನ್ನುತ್ತಾರೆ. ನಿಜವೇ?

ಉತ್ತರ: ಶಾಖವೂ ನೀರಿನ ಹರಿವೂ ನಿಂತುಹೋದ ಗಣಿಯಲ್ಲಿ ಬೆಳೆಯುವುದಿಲ್ಲ. ಕಾಮ್‌ಸ್ಟಾಕ್‌ನ ಅದಿರು ಸುಮಾರು 1.4 ಕೋಟಿ ವರ್ಷ ಹಿಂದಿನದು, ವೈಹಿಯದು ಸುಮಾರು 60 ಲಕ್ಷ ವರ್ಷ ಹಿಂದಿನದು. ಆದರೆ ಅದೇ ಕ್ರಿಯೆ ಬೇರೆಡೆ ಈ ಹೊತ್ತಿಗೂ ನಡೆಯುತ್ತಿದೆ. ಕಾಮ್‌ಸ್ಟಾಕ್‌ಗೆ ಹತ್ತಿರದಲ್ಲೇ ಇರುವ ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಎಂಬ ಬಿಸಿನೀರ ಬುಗ್ಗೆಗಳು ಸಿಲಿಕಾದ ಜೊತೆ ಸ್ವಲ್ಪ ಚಿನ್ನ, ಬೆಳ್ಳಿ, ಪಾದರಸಗಳನ್ನೂ ಇಳಿಸಿವೆ. ನ್ಯೂಜಿಲೆಂಡಿನ ವೈಯೊಟಾಪುವಿನಲ್ಲಿ ಸುಮಾರು 75 ಡಿಗ್ರಿ ಬಿಸಿಯ ಷಾಂಪೇನ್ ಪೂಲ್ ಎಂಬ ಕೊಳದ ಅಂಚಿಗೆ ಕಟ್ಟುವ ಕಿತ್ತಳೆ ಬಣ್ಣದ ಗಸಿಯಲ್ಲಿ ಆರ್ಸೆನಿಕ್, ಆಂಟಿಮನಿಗಳೊಂದಿಗೆ ಚಿನ್ನವೂ ಇದೆ. ಅದೇ ದೇಶದ ಓಹಾಕಿ ಭೂಶಾಖ ಕ್ಷೇತ್ರದಲ್ಲಿ ಕೊಳವೆಬಾವಿಯ ತಲೆಯ ಬಳಿ, ಬಿಸಿನೀರಿನ ಒತ್ತಡ ಹಠಾತ್ತಾಗಿ ಇಳಿಯುವ ಲೋಹದ ತಟ್ಟೆಗಳ ಮೇಲೆ ಕಟ್ಟಿದ ಹುರುಪೆಯಲ್ಲಿ ಚಿನ್ನ–ಬೆಳ್ಳಿ ಗಣನೀಯ ಪ್ರಮಾಣದಲ್ಲಿ ಕಂಡುಬಂದವು. ಕುದಿತದಿಂದಲೇ ಚಿನ್ನ ಕೆಳಗಿಳಿಯುತ್ತದೆ ಎಂಬ ವಾದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ ಎಂದು ನನಗನಿಸುತ್ತದೆ.

ಪ್ರಶ್ನೆ: ಹಳೆಯ ಗಣಿಯ ಕಲ್ಲೊಂದನ್ನು ಕೈಯಲ್ಲಿ ಹಿಡಿದು ಇಷ್ಟೆಲ್ಲ ಹೇಳಲು ಸಾಧ್ಯವೇ? ಭೂವಿಜ್ಞಾನಿ ಅದರಲ್ಲಿ ಏನನ್ನು ನೋಡುತ್ತಾರೆ?

ಉತ್ತರ: ಮೊದಲು ಪಟ್ಟೆಗಳನ್ನು. ಎಳೆಯನ್ನು ಅಡ್ಡಲಾಗಿ ಕತ್ತರಿಸಿದ ತುಂಡಿನಲ್ಲಿ ಎರಡೂ ಬದಿಯ ಗೋಡೆಗಳಿಂದ ನಡುವಿನ ಕಡೆಗೆ ಬೆಳೆದ ಬೆಣಚುಕಲ್ಲಿನ ತೆಳು ಪದರಗಳು ಕಾಣುತ್ತವೆ: ಹಾಲುಬಿಳಿ, ಬೂದು, ಮತ್ತೆ ಬಿಳಿ, ಅವುಗಳ ನಡುವೆ ಅಲ್ಲಲ್ಲಿ ಕೂದಲೆಳೆಯಿಂದ ಬೆರಳಗಲದವರೆಗಿನ ಕಪ್ಪು ಗೆರೆ. ಆ ಕಪ್ಪು ಗೆರೆಯೇ ಅದಿರು. ಅಕಾಂಥೈಟ್ ಎಂಬ ಬೆಳ್ಳಿಯ ಸಲ್ಫೈಡ್, ಚಿನ್ನ–ಬೆಳ್ಳಿ ಸಹಜವಾಗಿ ಬೆರೆತ ಎಲೆಕ್ಟ್ರಮ್ ಎಂಬ ತೆಳು ಹಳದಿಯ ಮಿಶ್ರಲೋಹ, ಕೆಲವೊಮ್ಮೆ ಮಾಣಿಕ್ಯದಂತೆ ಕೆಂಪಗಿರುವ ಬೆಳ್ಳಿ–ಆಂಟಿಮನಿ ಖನಿಜ, ಇವೆಲ್ಲ ಅದರಲ್ಲಿ ಬೆರೆತಿರುತ್ತವೆ. ಬರಿಗಣ್ಣಿಗೆ ಚಿನ್ನ ಕಾಣುವುದು ಅಪರೂಪ. ಟನ್ನಿಗೆ ಹತ್ತು ಗ್ರಾಂ ಚಿನ್ನವಿರುವ ಉತ್ತಮ ಅದಿರಿನಲ್ಲೂ ಇಡೀ ಟನ್ ಕಲ್ಲಿನ ಚಿನ್ನವನ್ನು ಒಟ್ಟುಗೂಡಿಸಿದರೆ ಅರ್ಧ ಘನ ಸೆಂಟಿಮೀಟರ್ ಆಗುತ್ತದೆ, ಅಷ್ಟೆ.

ಎರಡನೆಯದು, ಒಂದನ್ನೊಂದು ಅಡ್ಡಹಾಯುವ ತೆಳುವಾದ ಅಲಗುಗಳ ಜಾಲ. ನೀರು ಕುದಿದು ಇಂಗಾಲದ ಡೈಆಕ್ಸೈಡ್ ಹಾರಿಹೋದಾಗ ಕ್ಯಾಲ್ಸೈಟ್ ಹೀಗೆ ಅಲಗಿನಾಕಾರದಲ್ಲಿ ಬೆಳೆಯುತ್ತದೆ. ಮುಂದೆ ಕ್ಯಾಲ್ಸೈಟ್ ಕರಗಿ ಅದರ ಜಾಗವನ್ನು ಬೆಣಚುಕಲ್ಲು ತುಂಬಿದರೂ ಅಲಗಿನ ಆಕಾರ ಉಳಿಯುತ್ತದೆ. ಅದನ್ನು ಕಂಡ ಭೂವಿಜ್ಞಾನಿ ಇಲ್ಲಿ ನೀರು ಕುದಿದಿತ್ತು ಎಂದು ನಿಸ್ಸಂದೇಹವಾಗಿ ಬರೆದುಕೊಳ್ಳುತ್ತಾರೆ.

ಮೂರನೆಯದಕ್ಕೆ ಸೂಕ್ಷ್ಮದರ್ಶಕ ಬೇಕು. ಹರಳು ಬೆಳೆಯುವಾಗ ಅದೇ ಬಿಸಿನೀರಿನ ಹನಿಗಳು ಒಳಗೆ ಸಿಕ್ಕಿಕೊಂಡು ಉಳಿದಿರುತ್ತವೆ. ಗಾತ್ರ ಮಿಲಿಮೀಟರಿನ ನೂರರಲ್ಲೊಂದು ಪಾಲು ಇದ್ದೀತು. ತಣಿದ ಮೇಲೆ ನೀರು ಕುಗ್ಗಿದ್ದರಿಂದ ಪ್ರತಿ ಹನಿಯಲ್ಲೂ ಒಂದು ಆವಿಯ ಗುಳ್ಳೆ ನಿಂತಿರುತ್ತದೆ. ಕಲ್ಲಿನ ತೆಳುಹಾಳೆಯನ್ನು ನಿಧಾನವಾಗಿ ಕಾಯಿಸುತ್ತಾ ಹೋದರೆ ಗುಳ್ಳೆ ಕಿರಿದಾಗುತ್ತಾ ಬಂದು ಒಂದು ಉಷ್ಣತೆಯಲ್ಲಿ ಮಾಯವಾಗುತ್ತದೆ. ಹರಳು ಬೆಳೆದಾಗ ನೀರಿಗೆ ಕನಿಷ್ಠ ಅಷ್ಟು ಬಿಸಿಯಿತ್ತು ಎಂದು ಅದರಿಂದ ತಿಳಿಯುತ್ತದೆ. ಅಕ್ಕಪಕ್ಕದ ಹನಿಗಳಲ್ಲಿ ಒಂದರಲ್ಲಿ ಬಹುಪಾಲು ನೀರು, ಇನ್ನೊಂದರಲ್ಲಿ ಬಹುಪಾಲು ಆವಿ ಇದ್ದರೆ ಅದು ಕುದಿತಕ್ಕೆ ಮತ್ತೊಂದು ಸಾಕ್ಷಿ.

ವಯಸ್ಸನ್ನು ತಿಳಿಯಲು ಎಳೆಯಲ್ಲೇ ಬೆಳೆದ ಅಡ್ಯುಲೇರಿಯ ಎಂಬ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ನೆರವಾಗುತ್ತದೆ. ಅದರಲ್ಲಿನ ವಿಕಿರಣಶೀಲ ಪೊಟ್ಯಾಸಿಯಂನ ಒಂದು ಪಾಲು ಕ್ಷಯಿಸಿ ಆರ್ಗಾನ್ ಆಗುವುದರಿಂದ, ಕೂಡಿಕೊಂಡ ಆರ್ಗಾನನ್ನು ಅಳೆದು ಅದಿರಿನ ವಯಸ್ಸನ್ನು ಲೆಕ್ಕಹಾಕಬಹುದು. ಅದಿರಿನ ಜೊತೆಜೊತೆಗೇ ಹುಟ್ಟಿ ತನ್ನ ಹುಟ್ಟಿನ ಕಾಲವನ್ನು ತಾನೇ ದಾಖಲಿಸುವ ಖನಿಜ ಎಲ್ಲ ಗಣಿಗಳಲ್ಲೂ ಸಿಗುವುದಿಲ್ಲ. ಈ ವಿಷಯದಲ್ಲಿ ಎಪಿಥರ್ಮಲ್ ಅದಿರನ್ನು ಅಭ್ಯಾಸ ಮಾಡುವವರು ಅದೃಷ್ಟವಂತರು.

ಪ್ರಶ್ನೆ: ಹೊಳೆಯುವ ಹಳದಿ ಖನಿಜ ಚಿನ್ನವೋ ಪೈರೈಟೋ ಎಂದು ಗುರುತಿಸುವುದು ಹೇಗೆ?

ಉತ್ತರ: ಸೂಜಿಯಿಂದ ಒತ್ತಿ ನೋಡಿ. ಚಿನ್ನ ಮೆತ್ತಗೆ ತಗ್ಗುತ್ತದೆ, ಪೈರೈಟ್ (ಕಬ್ಬಿಣದ ಸಲ್ಫೈಡ್) ಪುಡಿಯಾಗುತ್ತದೆ. ಮೆರುಗಿಲ್ಲದ ಬಿಳಿ ಪಿಂಗಾಣಿಯ ಮೇಲೆ ಉಜ್ಜಿದರೆ ಚಿನ್ನದ ಗೆರೆ ಹಳದಿ, ಪೈರೈಟಿನದು ಹಸಿರುಗಪ್ಪು. ಚೌಕಾಕಾರದ ಅಚ್ಚುಕಟ್ಟಾದ ಹರಳುಗಳು ಕಂಡರೆ ಪರೀಕ್ಷೆಯ ಅಗತ್ಯವೂ ಇಲ್ಲ, ಅದು ಪೈರೈಟ್.

ಪ್ರಶ್ನೆ: ಹಳೆಯ ಗಣಿಗಳ ಮೇಲ್ಭಾಗದಲ್ಲೇ ಅತ್ಯಂತ ಶ್ರೀಮಂತ ಬೆಳ್ಳಿ ಸಿಕ್ಕಿತ್ತು ಎಂದು ಓದುತ್ತೇವೆ. ಕುದಿತದ ಪಟ್ಟಿ ಆಳದಲ್ಲಿರುವಾಗ ಇದು ಹೇಗೆ?

ಉತ್ತರ: ಒಳ್ಳೆಯ ಪ್ರಶ್ನೆ. ಇದಕ್ಕೆ ಎರಡು ಕಾರಣಗಳಿವೆ. ಲಕ್ಷಾಂತರ ವರ್ಷಗಳ ಮಳೆ–ಗಾಳಿಗೆ ಮೇಲಿನ ನೂರಾರು ಮೀಟರ್ ಕಲ್ಲು ಸವೆದುಹೋಗಿ, ಒಮ್ಮೆ ಆಳದಲ್ಲಿದ್ದ ಪಟ್ಟಿಯೇ ಈಗ ನೆಲದ ಬಳಿ ಬಂದಿರುತ್ತದೆ. ಜೊತೆಗೆ, ನೆಲದ ಬಳಿಗೆ ಬಂದ ಅದಿರನ್ನು ಆಮ್ಲಜನಕವುಳ್ಳ ಮಳೆನೀರು ಮತ್ತೆ ಮಾರ್ಪಡಿಸುತ್ತದೆ. ಪೈರೈಟ್ ಕೊಳೆತು ತುಕ್ಕಿನ ಬಣ್ಣದ ಕಬ್ಬಿಣದ ಟೊಪ್ಪಿಗೆಯೊಂದು ಉಳಿಯುತ್ತದೆ. ಬೆಳ್ಳಿ ಕರಗಿ ಕೊಂಚ ಕೆಳಗಿಳಿದು ಅಂತರ್ಜಲದ ಮಟ್ಟದ ಸುತ್ತ ಮತ್ತೆ ಘನವಾಗುತ್ತದೆ. ಒಣ ಪ್ರದೇಶಗಳಲ್ಲಿ ಅದು ಬೆಳ್ಳಿಯ ಕ್ಲೋರೈಡ್ ಆಗಿ ನಿಲ್ಲುವುದುಂಟು. ಮೇಣದಂತಹ ಈ ಖನಿಜವನ್ನು ಚಾಕುವಿನಿಂದ ಹೆರೆಯಬಹುದು; ಬೆಳಕಿಗೆ ಬಿದ್ದರೆ ಕಪ್ಪಾಗುತ್ತದೆ. ಚಿನ್ನ ಅಷ್ಟು ಸುಲಭವಾಗಿ ಕರಗದು. ಎಲೆಕ್ಟ್ರಮ್ ಕಣದ ಅಂಚಿನಿಂದ ಬೆಳ್ಳಿ ಕರಗಿಹೋಗಿ, ಹೊರಗೆ ಹೆಚ್ಚು ಶುದ್ಧ ಚಿನ್ನದ ತೊಗಟೆ ಉಳಿಯುತ್ತದೆ. ಮೊದಲು ಬಂದವರ ಕೈಗೆ ಸಿಕ್ಕಿದ್ದು ಈ ಎರಡನೇ ಬಾರಿ ಹದಗೊಂಡ ಅದಿರು. ಅದನ್ನೇ ನಂಬಿ ಹಣ ಹೂಡಿದವರಿಗೆ ಕೆಳಗೆ ಸಿಕ್ಕಿದ್ದು ಮೂಲ ಅದಿರು: ಗಟ್ಟಿ, ಬಡ, ಸಂಸ್ಕರಣೆಗೆ ಒಗ್ಗದ್ದು. ಹಲವು ಗಣಿಗಳು ಕೆಲವೇ ವರ್ಷಗಳಲ್ಲಿ ಪಾಳುಬಿದ್ದುದರ ಹಿಂದೆ ಇದೇ ಇದೆ.

ಪ್ರಶ್ನೆ: ಪಾಳುಬಿದ್ದ ಗಣಿಗಳಿಂದ ಕಿತ್ತಳೆ ಬಣ್ಣದ ನೀರು ಹರಿಯುವ ಚಿತ್ರಗಳನ್ನು ನೋಡಿದೆ. ಗಣಿ ನಿಂತು ನೂರು ವರ್ಷವಾದರೂ ಇದು ಏಕೆ ನಿಲ್ಲುವುದಿಲ್ಲ?

ಉತ್ತರ: ಗಣಿ ನಿಂತಿದ್ದರೂ ರಸಾಯನಕ್ರಿಯೆ ನಿಂತಿಲ್ಲ. ಬಿಸಿನೀರು ಚಿನ್ನ–ಬೆಳ್ಳಿಯ ಜೊತೆ ಅದಕ್ಕಿಂತ ಸಾವಿರಾರು ಪಟ್ಟು ಹೆಚ್ಚು ಪೈರೈಟನ್ನೂ, ಎಂದರೆ ಕಬ್ಬಿಣದ ಸಲ್ಫೈಡನ್ನೂ, ಕಲ್ಲಿನಲ್ಲಿ ಬಿತ್ತಿರುತ್ತದೆ. ನೆಲದೊಳಗೆ ಗಾಳಿ ತಾಕದೆ ಇದ್ದಾಗ ಅದು ನಿರುಪದ್ರವಿ. ಸುರಂಗ ಕೊರೆದೊಡನೆ ಗಾಳಿಯೂ ನೀರೂ ಒಳಸೇರಿ ಪೈರೈಟನ್ನು ಗಂಧಕಾಮ್ಲವಾಗಿಯೂ ಕರಗಿದ ಕಬ್ಬಿಣವಾಗಿಯೂ ಒಡೆಯುತ್ತವೆ. ಇಷ್ಟೇ ಆಗಿದ್ದರೆ ಕ್ರಿಯೆ ನಿಧಾನವಾಗಿಯೇ ಸಾಗುತ್ತಿತ್ತು. ಆದರೆ ಆಮ್ಲದಲ್ಲೇ ಹಿತವಾಗಿ ಬಾಳುವ ಬ್ಯಾಕ್ಟೀರಿಯಾಗಳಿವೆ. ಕಬ್ಬಿಣವನ್ನು ಉತ್ಕರ್ಷಿಸಿ ಅದರಿಂದಲೇ ಶಕ್ತಿ ಪಡೆಯುವ ಇವು, ಸರಪಣಿಯ ಅತ್ಯಂತ ನಿಧಾನದ ಕೊಂಡಿಯನ್ನು ಲಕ್ಷಗಟ್ಟಲೆ ಪಟ್ಟು ಚುರುಕುಗೊಳಿಸುತ್ತವೆ. ಹಾಗೆ ಉತ್ಕರ್ಷಗೊಂಡ ಕಬ್ಬಿಣವು ತಾನೇ ಮತ್ತಷ್ಟು ಪೈರೈಟನ್ನು ತಿನ್ನುತ್ತದೆ. ಆಮ್ಲವು ಕಲ್ಲಿನಲ್ಲಿರುವ ಸತು, ತಾಮ್ರ, ಕ್ಯಾಡ್ಮಿಯಂ, ಆರ್ಸೆನಿಕ್‌ಗಳನ್ನೂ ಕರಗಿಸಿಕೊಂಡು ಹೊರಡುತ್ತದೆ. ಹೊರಗಿನ ತೊರೆಯ ನೀರಿಗೆ ಬೆರೆತು ಆಮ್ಲೀಯತೆ ತಗ್ಗಿದಾಗ ಕಬ್ಬಿಣ ಗಸಿಯಾಗಿ ಕಲ್ಲುಗಳಿಗೆ ಮೆತ್ತಿಕೊಳ್ಳುತ್ತದೆ. ನೀವು ನೋಡಿದ ಬಣ್ಣ ಅದರದ್ದು.

ಎಲ್ಲ ಗಣಿಗಳೂ ಒಂದೇ ಪ್ರಮಾಣದಲ್ಲಿ ಆಮ್ಲ ಸುರಿಸುವುದಿಲ್ಲ. ಅದನ್ನು ಮತ್ತೆ ಭೂವಿಜ್ಞಾನವೇ ನಿರ್ಧರಿಸುತ್ತದೆ. ಎಳೆಯಲ್ಲೂ ಅಕ್ಕಪಕ್ಕದ ಕಲ್ಲಿನಲ್ಲೂ ಕ್ಯಾಲ್ಸೈಟ್ ಧಾರಾಳವಾಗಿದ್ದರೆ ಅದು ಹುಟ್ಟಿದ ಆಮ್ಲವನ್ನು ಅಲ್ಲೇ ನುಂಗಿಬಿಡುತ್ತದೆ. ಆದರೆ ಎಪಿಥರ್ಮಲ್ ನಿಕ್ಷೇಪಗಳಲ್ಲೇ ಇನ್ನೊಂದು ಕುಲವಿದೆ. ಅಲ್ಲಿ ಶಿಲಾರಸದ ಆಮ್ಲೀಯ ಅನಿಲಗಳು ಆರಂಭದಲ್ಲೇ ಕಲ್ಲನ್ನು ತೊಳೆದು, ಸಿಲಿಕಾ ಮತ್ತು ಜೇಡಿಯನ್ನು ಬಿಟ್ಟು ಬೇರೇನನ್ನೂ ಉಳಿಸಿರುವುದಿಲ್ಲ. ಆಮ್ಲವನ್ನು ತಡೆಯುವ ಖನಿಜವೇ ಇಲ್ಲದ ಇಂಥ ಕಲ್ಲಿನಲ್ಲಿ ಗಣಿ ತೋಡಿದರೆ ಹೊಳೆಗೆ ಕೇಡು ಕಾದಿರುತ್ತದೆ. ಚಿನ್ನ, ಬೆಳ್ಳಿ, ತಾಮ್ರಗಳನ್ನು ತೆಗೆದ ಕ್ಯಾಲಿಫೋರ್ನಿಯಾದ ಐರನ್ ಮೌಂಟನ್ ಗಣಿ ಬೇರೆ ಬಗೆಯದಾದರೂ ಸಲ್ಫೈಡಿನ ರಾಶಿಯೇ ಆಗಿದ್ದು, ಅದರೊಳಗಿನ ನೀರಿನಲ್ಲಿ ಋಣ 3.6ರ ಪಿಎಚ್ (ಆಮ್ಲ ತೀವ್ರವಾದಷ್ಟೂ ಇಳಿಯುವ ಅಳತೆ) ಅಳೆಯಲಾಗಿದೆ. ಸೊನ್ನೆಗಿಂತ ಕೆಳಗಿನ ಪಿಎಚ್ ನಿಸರ್ಗದಲ್ಲಿ ಇರಬಹುದೆಂದು ಅದಕ್ಕೆ ಮೊದಲು ನಂಬಿದವರು ಕಡಿಮೆ.

ಗಣಿ ತುಂಬಿ ಮುಳುಗಿದರೆ ಗಾಳಿ ತಪ್ಪಿ ಕ್ರಿಯೆ ನಿಧಾನವಾಗುವುದು ನಿಜ. ಆದರೆ ಅದಕ್ಕೆ ಮೊದಲು ಒಂದು ಅಪಾಯದ ಹಂತವಿದೆ. ಒಣ ಸುರಂಗಗಳ ಗೋಡೆಯ ಮೇಲೆ ಬಿಳಿ, ತಿಳಿಹಸಿರು, ನೀಲಿ ಬಣ್ಣದ ಹೂವಿನಂತಹ ಲವಣಗಳು ಕಟ್ಟಿರುತ್ತವೆ. ಅವು ಘನರೂಪ ತಾಳಿದ ಆಮ್ಲ ಮತ್ತು ಲೋಹಗಳೇ. ನೀರಿನ ಮಟ್ಟ ಏರಿ ಅವನ್ನು ಕರಗಿಸಿದಾಗ ಮೊದಲ ನೀರು ಅತ್ಯಂತ ವಿಷಮಯವಾಗಿರುತ್ತದೆ. ಮುಚ್ಚಿಹೋದ ಬಾಯಿಯ ಹಿಂದೆ ಇಂಥ ನೀರು ಒತ್ತಡದಲ್ಲಿ ನಿಂತರೆ ಆಗುವುದನ್ನು ಅಮೆರಿಕದ ಕೊಲರಾಡೊ 2015ರ ಆಗಸ್ಟ್ 5ರಂದು ಕಂಡಿತು. ಸಿಲ್ವರ್ಟನ್ ಬಳಿ 1920ರ ದಶಕದಲ್ಲೇ ಕೆಲಸ ನಿಂತಿದ್ದ ಗೋಲ್ಡ್ ಕಿಂಗ್ ಗಣಿಯ ಬಾಯಿಯನ್ನು ಪರಿಸರ ಸಂರಕ್ಷಣಾ ಸಂಸ್ಥೆಯ ತಂಡ ಅಗೆಯುತ್ತಿದ್ದಾಗ ತಡೆ ಒಡೆದು, ಸುಮಾರು 1.1 ಕೋಟಿ ಲೀಟರ್ ನೀರು ಅನಿಮಸ್ ನದಿಗೆ ನುಗ್ಗಿ ಅದನ್ನು ಸಾಸಿವೆ ಬಣ್ಣಕ್ಕೆ ತಿರುಗಿಸಿತು.

ಪ್ರಶ್ನೆ: ಹಳೆಯ ಗಣಿಗಳ ಮೇಲಿನ ನೆಲ ದಶಕಗಳ ನಂತರ ಇದ್ದಕ್ಕಿದ್ದಂತೆ ಕುಸಿಯುವುದೇಕೆ? ಒಳಗೆ ಹೋಗಿ ನೋಡುವುದು ಅಷ್ಟೊಂದು ಅಪಾಯವೇ?

ಉತ್ತರ: ಅದಿರು ತೆಗೆದ ಪೊಳ್ಳನ್ನು ಮರಳು–ಕಲ್ಲಿನಿಂದ ತುಂಬಿಸದೆ ಬಿಟ್ಟರೆ ಅದರ ಚಾವಣಿ ಚೂರುಚೂರಾಗಿ ಉದುರುತ್ತಾ, ಪೊಳ್ಳು ತಾನಾಗಿಯೇ ಮೇಲಕ್ಕೆ ಏರುತ್ತಾ ಬರುತ್ತದೆ. ಉದುರಿದ ಕಲ್ಲು ಮೊದಲಿಗಿಂತ ಹೆಚ್ಚು ಜಾಗ ಹಿಡಿಯುವುದರಿಂದ ಸಣ್ಣ ಪೊಳ್ಳು ತನ್ನನ್ನು ತಾನೇ ತುಂಬಿಕೊಂಡು ನಿಂತುಬಿಡಬಹುದು. ದೊಡ್ಡದು ನೆಲವನ್ನು ಮುಟ್ಟಿಯೇ ನಿಲ್ಲುವುದು. ಎಳೆಯ ಇಕ್ಕೆಲದ ಕಲ್ಲನ್ನು ಬಿಸಿನೀರು ಜೇಡಿಯಾಗಿ ಮೆದುಗೊಳಿಸಿರುವುದರಿಂದ ಈ ಗಣಿಗಳಲ್ಲಿ ಚಾವಣಿ ಸ್ವಭಾವತಃ ದುರ್ಬಲ. ವೈಹಿಯಲ್ಲಿ 1999ರಲ್ಲೂ 2001ರಲ್ಲೂ ಹಳೆಯ ಪೊಳ್ಳುಗಳು ಹೀಗೆ ಮೇಲೆ ಬಂದು ನೆಲ ಕುಸಿಯಿತು. 2001ರ ಡಿಸೆಂಬರಿನಲ್ಲಿ ಒಂದು ಮನೆಯೇ ಕುಳಿಗೆ ಜಾರಿತು. ಅಲ್ಲಿನ ಚಾರಿತ್ರಿಕ ಪಂಪುಮನೆಯ ಅಡಿಯ ನೆಲವೂ ಅಲುಗಾಡತೊಡಗಿದ್ದರಿಂದ 2006ರಲ್ಲಿ ಇಡೀ ಕಟ್ಟಡವನ್ನೇ ಸುಮಾರು 300 ಮೀಟರ್ ಸರಿಸಿದರು.

ಒಳಗೆ ಹೋಗುವುದರ ಬಗ್ಗೆ ಚೌಕಾಸಿಯಿಲ್ಲದೆ ಹೇಳುತ್ತೇನೆ: ಹೋಗಬೇಡಿ. ಕುಸಿತಕ್ಕಿಂತ ಗಾಳಿಯ ಭಯ ಹೆಚ್ಚು. ಪೈರೈಟ್ ಕೊಳೆಯುವುದೂ ಆಸರೆಯ ಮರ ಕೊಳೆಯುವುದೂ ಆಮ್ಲಜನಕವನ್ನು ತಿಂದುಹಾಕುತ್ತವೆ. ಇಂಗಾಲದ ಡೈಆಕ್ಸೈಡ್ ಭಾರವಾದ್ದರಿಂದ ತಗ್ಗಿನಲ್ಲಿ ನಿಲ್ಲುತ್ತದೆ. ಆಮ್ಲಜನಕವಿಲ್ಲದ ಗಾಳಿಗೆ ವಾಸನೆಯೂ ಇಲ್ಲ, ಉಸಿರು ಕಟ್ಟಿದ ಅನುಭವವೂ ಆಗುವುದಿಲ್ಲ. ಹೊರಗಿನ ವಾಯುಭಾರ ಇಳಿದ ದಿನ ಗಣಿ ತನ್ನೊಳಗಿನ ಕೆಟ್ಟ ಗಾಳಿಯನ್ನು ಬಾಯಿಯವರೆಗೂ ತಳ್ಳುವುದರಿಂದ, ನಿನ್ನೆ ಸುರಕ್ಷಿತವಾಗಿದ್ದ ಸುರಂಗ ಇಂದು ಹಾಗಿರಬೇಕಿಲ್ಲ.

ಪ್ರಶ್ನೆ: ಗಣಿಗಳ ಬಳಿ ರಾಶಿ ಬಿದ್ದಿರುವ ಪುಡಿಮಣ್ಣಿನ ದಿಬ್ಬಗಳಲ್ಲಿ ಚಿನ್ನ ಉಳಿದಿದೆಯೇ? ಅದನ್ನು ತೆಗೆಯಬಾರದೇಕೆ?

ಉತ್ತರ: ಉಳಿದಿದೆ, ಮತ್ತು ಎಷ್ಟು ಉಳಿದಿದೆ ಎಂಬುದು ದಿಬ್ಬದ ವಯಸ್ಸಿನ ಮೇಲೆ ಅವಲಂಬಿಸಿದೆ. ಹಳೆಯ ಕಾಲದಲ್ಲಿ ಅದಿರನ್ನು ಪುಡಿಮಾಡಿ ಪಾದರಸದೊಡನೆ ಕಲಸುತ್ತಿದ್ದರು. ಸಲ್ಫೈಡಿನೊಳಗೆ ಸಿಕ್ಕಿಕೊಂಡ ಸೂಕ್ಷ್ಮ ಚಿನ್ನವನ್ನು ಪಾದರಸ ಮುಟ್ಟಲಾರದು. ಹೀಗಾಗಿ ದೊಡ್ಡ ಪಾಲು ಕಸದ ಜೊತೆ ಹೋಯಿತು. ಸೈನೈಡ್ ವಿಧಾನಕ್ಕೆ 1887ರಲ್ಲಿ ಪೇಟೆಂಟ್ ದೊರೆತು, 1889ರಲ್ಲಿ ವೈಹಿಗೆ ಸಮೀಪದ ಕರಂಗಹಾಕೆಯ ಕ್ರೌನ್ ಗಣಿಯಲ್ಲಿ ಅದು ಬಳಕೆಗೆ ಬಂದ ಮೇಲೆ ಅಂಥ ಚಿನ್ನವೂ ಕೈಗೆ ಹತ್ತತೊಡಗಿತು. ಆದ್ದರಿಂದ ಅದಕ್ಕಿಂತ ಮುಂಚಿನ ದಿಬ್ಬಗಳು ಹೆಚ್ಚು ಶ್ರೀಮಂತ. ಅವುಗಳಲ್ಲಿ ಅನೇಕವನ್ನು ಆಗಲೇ ಮತ್ತೊಮ್ಮೆ ಸಂಸ್ಕರಿಸಿ ಮುಗಿಸಲಾಗಿದೆ.

ಕೋಲಾರದಲ್ಲಿ ಜನ ಸೈನೈಡ್ ದಿಬ್ಬಗಳೆಂದು ಕರೆಯುವ ರಾಶಿಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಪುಡಿಯಿದೆ. ಟನ್ನಿಗೆ ಒಂದು ಗ್ರಾಂ ಕೂಡ ಇಲ್ಲದಿದ್ದರೂ ಒಡೆಯುವ, ಅರೆಯುವ ಖರ್ಚು ಮೊದಲೇ ಆಗಿಹೋಗಿರುವುದರಿಂದ ಅವುಗಳ ಲೆಕ್ಕಾಚಾರ ಆಗಾಗ ಸುದ್ದಿಗೆ ಬರುತ್ತದೆ. ತೆಗೆಯಬಾರದೆಂದೇನಿಲ್ಲ. ಆದರೆ ದಿಬ್ಬವನ್ನು ಕೆದಕಿದರೆ ಚಿನ್ನದ ಜೊತೆಗೆ ಬಂದ ಎಲ್ಲವೂ ಏಳುತ್ತದೆ. ಸೈನೈಡ್ ಬಿಸಿಲಿಗೆ, ಗಾಳಿಗೆ ಬಹುಮಟ್ಟಿಗೆ ಒಡೆದುಹೋಗಬಲ್ಲದು. ಆರ್ಸೆನಿಕ್, ಸೀಸ, ಪಾದರಸಗಳು ಧಾತುಗಳಾದ್ದರಿಂದ ಎಲ್ಲಿಗೂ ಹೋಗುವುದಿಲ್ಲ. ಕಾಮ್‌ಸ್ಟಾಕ್‌ನ ಅದಿರನ್ನು ಅರೆದ ಕಾರ್ಖಾನೆಗಳು ಕಳೆದುಕೊಂಡ ಪಾದರಸವು ಕಾರ್ಸನ್ ನದಿಯ ಹೂಳಿನಲ್ಲಿ ಇಂದಿಗೂ ಇದ್ದು, 1990ರಲ್ಲಿ ಆ ನದಿಯ ಪಾತ್ರವನ್ನು ಅಮೆರಿಕದ ಅತಿಮಲಿನ ತಾಣಗಳ ಪಟ್ಟಿಗೆ ಸೇರಿಸಲಾಯಿತು. ದಿಬ್ಬದ ಪುಡಿಯನ್ನು ಮತ್ತೆ ಸಂಸ್ಕರಿಸುವ ಯಾವುದೇ ಯೋಜನೆಯಲ್ಲಿ ಚಿನ್ನದ ಅಂಕಿಗಿಂತ ಮೊದಲು ನೋಡಬೇಕಾದ್ದು, ಅದರಲ್ಲಿ ಉಳಿದಿರುವ ಪೈರೈಟ್ ಎಷ್ಟು, ಆಮ್ಲವನ್ನು ತಡೆಯುವ ಕ್ಯಾಲ್ಸೈಟ್ ಎಷ್ಟು, ಮತ್ತು ಎರಡನೇ ಬಾರಿಯ ಕಸವನ್ನು ಎಲ್ಲಿ ಇಡುತ್ತಾರೆ ಎಂಬುದನ್ನು.